ಹರಳೆಣ್ಣೆ, ಸಿರಪ್, ಪುಡಿ, ಮಣೆ: ಮಗಳ ಮಲಬದ್ಧತೆಗೆ ಯಾವುದು ಕೆಲಸ ಮಾಡಿತು?

ನಾಲ್ಕು ವರ್ಷದ ಮಗಳು ಬಾಗಿಲ ಹಿಂದೆ ತುದಿಗಾಲಲ್ಲಿ ನಿಂತು, ಕಾಲಿಗೆ ಕಾಲು ಹೆಣೆದು, ಮುಖ ಕೆಂಪು ಮಾಡಿಕೊಂಡರೆ ಪಾಪ ತಿಣುಕುತ್ತಿದ್ದಾಳೆ ಅಂತ ಮನೆಯವರಿಗೆಲ್ಲ ಅನ್ನಿಸುತ್ತಿತ್ತು. ಅವಳು ಮಾಡುತ್ತಿದ್ದದ್ದು ಉಲ್ಟಾ. ಕಕ್ಕ ಬರದ ಹಾಗೆ ತಡೆದುಕೊಳ್ಳುತ್ತಿದ್ದಳು.

ಒಮ್ಮೆ ಗಟ್ಟಿಯಾಗಿ ಬಂದು ನೋವಾಯಿತು. ನೋವಿನ ಭಯಕ್ಕೆ ಮಗು ತಡೆದುಕೊಂಡಿತು. ಒಳಗೇ ಉಳಿದ ಮಲದಿಂದ ದೊಡ್ಡ ಕರುಳು ನೀರು ಹೀರಿಕೊಳ್ಳುತ್ತಾ ಹೋಯಿತು, ಅದು ಇನ್ನೂ ಗಟ್ಟಿಯಾಯಿತು. ಮಕ್ಕಳ ಮಲಬದ್ಧತೆ ಬಹುಪಾಲು ಹೀಗೇ ಬೆಳೆಯುತ್ತದೆ, ಹಿಂದೆ ಬೇರೆ ಕಾಯಿಲೆ ಇರುವುದು ಅಪರೂಪ. ಹಾಗಾಗಿ ಪ್ರತಿ ಉಪಾಯವನ್ನೂ ನಾನು ನೋಡಿದ್ದು ಒಂದೇ ಲೆಕ್ಕದಲ್ಲಿ: ಇದರಿಂದ ಮಗುವಿನ ಭಯ ಕಡಿಮೆಯಾಯಿತಾ, ಜಾಸ್ತಿಯಾಯಿತಾ?

ಮೊದಲು ಹರಳೆಣ್ಣೆ. "ನಾವು ನಮ್ಮ ಮಕ್ಕಳಿಗೆಲ್ಲ ಕುಡಿಸಿದ್ವಿ ಕಣಮ್ಮ, ಯಾರಿಗೇನಾಯ್ತು?" ಅಂತ ಅತ್ತೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಕೆಲವೇ ಗಂಟೆಯಲ್ಲಿ ಹೊಟ್ಟೆ ಖಾಲಿ. ಆದರೆ ಅದು ಕರುಳನ್ನು ಕೆರಳಿಸಿ ಹೊರಗೆ ತಳ್ಳಿಸುವ ಮದ್ದು. ಹೊಟ್ಟೆ ಹಿಂಡುತ್ತದೆ, ಮಗು ಅಳುತ್ತದೆ, ಮುಂದಿನ ವಾರ ಮತ್ತೆ ಅದೇ ಕತೆ. ಮೂಗು ಹಿಡಿದು ಕುಡಿಸುವಾಗ ಎಣ್ಣೆ ಶ್ವಾಸನಾಳಕ್ಕೆ ಹೋಗುವ ಅಪಾಯ ಬೇರೆ.

ವೀಳ್ಯದೆಲೆ ತೊಟ್ಟನ್ನು ಎಣ್ಣೆಗೆ ಅದ್ದಿ ಹಿಂದಿನಿಂದ ಇಡುವುದು ಇನ್ನೂ ಬೇಗ. ಗ್ಲಿಸರಿನ್ ಸಪೊಸಿಟರಿಯೂ (ಗುದದೊಳಗೆ ಇಡುವ ಗುಳಿಗೆ) ಅದೇ ದಾರಿಯದ್ದು, ಸ್ವಲ್ಪ ನಾಜೂಕು ಅಷ್ಟೆ. ತೀರಾ ಕಷ್ಟದ ದಿನ ವೈದ್ಯರು ಹೇಳಿದರೆ ಸಪೊಸಿಟರಿ ಸರಿ. ಆದರೆ ನೋವಿನ ಜಾಗ ಮುಟ್ಟಿದರೇ ಚೀರುವ ಮಗುವನ್ನು ಇಬ್ಬರು ಹಿಡಿದುಕೊಂಡು ಹೀಗೆ ಮಾಡಿದರೆ ಆ ದಿನದ ಕಕ್ಕ ಬರುತ್ತದೆ, ಭಯ ಇಮ್ಮಡಿಯಾಗುತ್ತದೆ. ನನ್ನ ಲೆಕ್ಕದಲ್ಲಿ ಈ ಗುಂಪು ಪೂರ್ತಿ ಫೇಲು.

ಇಸಬ್ಗೋಲ್ ನಮ್ಮಲ್ಲಿ ನಡೆಯಲೇ ಇಲ್ಲ. ನೆನೆದ ತಕ್ಷಣ ಲೋಳೆಯಾಗುತ್ತದೆ, ಮಗಳು ಉಗಿದುಬಿಟ್ಟಳು. ಅದಕ್ಕೆ ಜೊತೆಗೆ ನೀರೂ ಚೆನ್ನಾಗಿ ಬೇಕು. ನೀರೇ ಕುಡಿಯದ ಮಕ್ಕಳಿಗೆ ಅದು ಉಪಕಾರಕ್ಕಿಂತ ಕಿರಿಕಿರಿ.

ನಿಜವಾದ ಪೈಪೋಟಿ ಇದ್ದದ್ದು ಲ್ಯಾಕ್ಟುಲೋಸ್ ಸಿರಪ್‌ಗೂ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಗೂ. ಎರಡೂ ಕರುಳಲ್ಲಿ ನೀರು ಉಳಿಸಿ ಮಲವನ್ನು ಮೆತ್ತಗೆ ಇಡುತ್ತವೆ. ಸಿರಪ್ ಸಿಹಿ, ಮಗಳು ಚಮಚ ನೆಕ್ಕಿ ಕುಡಿದಳು. ಒಂದೆರಡು ದಿನದಲ್ಲಿ ಪರಿಣಾಮ ಕಂಡಿತು. ತೊಂದರೆ ಅಂದರೆ ಗ್ಯಾಸ್. ಲ್ಯಾಕ್ಟುಲೋಸ್ ಸಣ್ಣ ಕರುಳಲ್ಲಿ ಜೀರ್ಣವಾಗುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸುತ್ತವೆ. ಡೋಸ್ ಏರಿಸಿದಾಗ ಹೊಟ್ಟೆ ಉಬ್ಬರಿಸಿ ಊಟವೇ ಬೇಡ ಅಂದಳು.

ಪುಡಿಗೆ ಆ ಕಾಟ ಕಡಿಮೆ. ನೀರಿಗೋ ಜ್ಯೂಸಿಗೋ ಕದಡಿ ಕೊಟ್ಟರೆ ಮಗಳಿಗೆ ಗೊತ್ತೇ ಆಗಲಿಲ್ಲ. ಮಕ್ಕಳ ಹೊಟ್ಟೆಯ ತಜ್ಞರ 2014ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಮೊದಲ ಆಯ್ಕೆ ಅಂತ ಇದನ್ನೇ ಹೇಳುತ್ತದೆ, ಇದು ಸಿಗದಿದ್ದರೆ ಲ್ಯಾಕ್ಟುಲೋಸ್. ಒಂದು ಎಚ್ಚರಿಕೆ: ಕೊಲೊನೋಸ್ಕೋಪಿಗೆ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಮುಂಚೆ ಕೊಡುವ ದೊಡ್ಡ ಪ್ಯಾಕೆಟ್‌ನಲ್ಲೂ ಇದೇ ವಸ್ತು ಉಪ್ಪುಗಳ ಜೊತೆ ಇರುತ್ತದೆ. ಅದನ್ನು ಮೆಡಿಕಲ್ ಶಾಪಿನಿಂದ ತಂದು ಅಂದಾಜಿಗೆ ಕೊಡುವ ಹಾಗಿಲ್ಲ. ಡೋಸ್ ಮಗುವಿನ ತೂಕದ ಮೇಲೆ, ವೈದ್ಯರೇ ಹೇಳಬೇಕು.

ಹಳೆಯ ಮಲ ಒಳಗೆ ಗಟ್ಟಿಯಾಗಿ ಕೂತಿದ್ದರೆ ಮೊದಲ ಕೆಲವು ದಿನ ಹೆಚ್ಚಿನ ಡೋಸ್ ಕೊಟ್ಟು ಅದನ್ನು ಖಾಲಿ ಮಾಡಿಸುತ್ತಾರೆ. ಇಲ್ಲೇ ಬಹಳ ಜನ ಎಡವುವುದು. ಕೂತ ಗಡ್ಡೆಯ ಪಕ್ಕದಿಂದ ನೀರಾಗಿ ಸೋರಿ ಚಡ್ಡಿ ಕೊಳೆಯಾಗುತ್ತದೆ. ಅಯ್ಯೋ ಭೇದಿ ಅಂತ ಔಷಧ ನಿಲ್ಲಿಸಿಬಿಡುತ್ತಾರೆ. ಆಮೇಲಿನ ದಿನನಿತ್ಯದ ಡೋಸ್ ಕನಿಷ್ಠ 2 ತಿಂಗಳು ಬೇಕು. ತೊಂದರೆ ಪೂರ್ತಿ ನಿಂತು ತಿಂಗಳಾದರೂ ಕಳೆದ ಮೇಲೆ ನಿಧಾನವಾಗಿ ಇಳಿಸುವುದು. "ಅಭ್ಯಾಸ ಆಗ್ಬಿಡುತ್ತೆ" ಅನ್ನುವವರ ಮಾತು ಕೇಳಿ ಒಂದೇ ವಾರಕ್ಕೆ ಬಿಟ್ಟರೆ ಯಾವ ಔಷಧವೂ ಗೆಲ್ಲುವುದಿಲ್ಲ.

ಊಟದಲ್ಲಿ ರಾಗಿಗೆ ನನ್ನ ಓಟು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸಣ್ಣ ಮುದ್ದೆ, ಬಸ್ಸಾರು, ಸೀಬೆ, ಪಪ್ಪಾಯಿ. ನೆನೆಸಿದ ಒಣದ್ರಾಕ್ಷಿ ಅವಳಿಗೆ ಇಷ್ಟ, ಹಾಗಾಗಿ ಉಳಿದುಕೊಂಡಿತು. ಹಾಲು ಇಳಿಸಿದ್ದು ಇದಕ್ಕಿಂತ ಹೆಚ್ಚು ಉಪಯೋಗವಾಯಿತು. ಲೋಟಗಟ್ಟಲೆ ಹಾಲು, ಬಿಸ್ಕೆಟ್ ತಿಂದ ಮಗುವಿಗೆ ಊಟ ಎಲ್ಲಿ ಸೇರಬೇಕು? ಆದರೆ ಭಯ ಬಂದುಬಿಟ್ಟ ಮೇಲೆ ಬರೀ ಊಟ ಸಾಲದು.

ನನ್ನ ಅಚ್ಚುಮೆಚ್ಚು ಮಾತ್ರ ಊಟದ ಮಣೆ! ಕಮೋಡ್ ಮೇಲೆ ಕೂತರೆ ಅವಳ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು, ಒತ್ತಡ ಹಾಕಲು ಆಧಾರವೇ ಇಲ್ಲ. ಪಾದದ ಕೆಳಗೆ ಎರಡು ಮಣೆ ಒಂದರ ಮೇಲೊಂದು ಇಟ್ಟೆವು. ಮಂಡಿ ಮೇಲೆ ಬಂತು, ಕುಕ್ಕರಗಾಲಿನ ಭಂಗಿ. ಹಳೇ ಕಾಲದ ಕಕ್ಕಸು ಇದ್ದರೆ ಇದೂ ಬೇಡ. ತಿಂದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ, ಅದಕ್ಕೇ ತಿಂಡಿ ಆದ ಮೇಲೆ ಐದ್ಹತ್ತು ನಿಮಿಷ ಕೂರಿಸುವುದು. ಶಾಲೆಯ ಟಾಯ್ಲೆಟ್‌ಗೆ ಹೋಗಲ್ಲ ಅನ್ನುವ ಮಕ್ಕಳಿಗೆ ವ್ಯಾನ್ ಬರುವ ಮುಂಚಿನ ಈ ಹೊತ್ತು ಬಹಳ ಮುಖ್ಯ. ಕೂತದ್ದಕ್ಕೆ ಸ್ಟಿಕ್ಕರ್, ಬಂತಾ ಇಲ್ಲವಾ ಅಂತ ವಿಚಾರಣೆ ಇಲ್ಲ. ಆದರೆ ಮಲ ಮೆತ್ತಗಾಗುವ ಮುಂಚೆ ಕೂರಿಸಲು ಹೋದರೆ ಬರೀ ಜಗಳ. ಪುಡಿ ಮೊದಲು, ಮಣೆ ಆಮೇಲೆ.

ಹುಟ್ಟಿದ ಎರಡು ದಿನದೊಳಗೆ ಮೊದಲ ಕಕ್ಕ ಆಗಿರದ ಮಗು, ತೂಕ ಏರದ ಮಗು, ಹೊಟ್ಟೆ ಉಬ್ಬಿ ವಾಂತಿ ಮಾಡುವ ಮಗು, ಮಲದಲ್ಲಿ ರಕ್ತ ಕಂಡ ಮಗು ಇದ್ದರೆ ಈ ಹೋಲಿಕೆ ಎಲ್ಲ ಬಿಟ್ಟು ನೇರ ಮಕ್ಕಳ ವೈದ್ಯರ ಹತ್ತಿರ.

ನಮ್ಮಲ್ಲಿ ಈಗ ಪುಡಿ ಇಳಿಸುತ್ತಿದ್ದೇವೆ. ಊರಿಗೆ ಹೋಗಿ ಬಂದರೆ ಮತ್ತೆ ಗಟ್ಟಿಯಾಗುತ್ತದೆ, ವೈದ್ಯರು ಹೇಳಿದಷ್ಟು ಮತ್ತೆ ಏರಿಸುತ್ತೇವೆ. ಅತ್ತೆ ಜೊತೆಗೂ ರಾಜಿಯಾಗಿದೆ: ಹರಳೆಣ್ಣೆ ನೆತ್ತಿಗೆ ಮಾತ್ರ.