ಅಲೈನ್‌ಮೆಂಟ್ ಮಾಡಿದ್ದೇವೆ ಅಂದರೆ ನಂಬಬೇಡಿ, ಹಿಂದಿನ ಚಕ್ರದ ಅಂಕಿ ನೋಡಿ

ಕೋಪ ಇನ್ನೂ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಸಲ ಬರೆದು ಅಳಿಸಿದೆ. ನಾಚಿಕೆಯಾಗುತ್ತದೆ ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು. ಆದರೆ ಡೆಟ್ರಾಯಿಟ್ ಸುತ್ತಮುತ್ತ ಹಳೇ ಸ್ಪೋರ್ಟ್ಸ್ ಕಾರು ಆಸೆಪಟ್ಟು ಇಟ್ಟುಕೊಂಡಿರುವ ನಮ್ಮವರು ಇನ್ನೂ ಇದ್ದಾರೆ. ನನಗಾದದ್ದು ಅವರಿಗೆ ಆಗಬಾರದು, ಅಷ್ಟೇ.

2,191 ಡಾಲರ್. ಒಂದೇ ಗ್ಯಾರೇಜಿಗೆ ಮೂರು ಸಲ. ಕಾರು ಮೊದಲು ಹೇಗೆ ಬಲಕ್ಕೆ ಎಳೆಯುತ್ತಿತ್ತೋ, ಮೂರನೇ ಸಲ ದುಡ್ಡು ಕೊಟ್ಟು ಬಂದ ಮೇಲೂ ಹಾಗೇ ಎಳೆಯುತ್ತಿತ್ತು.

ಕಾರು 1994ರ ಮಾಜ್ದಾ ಮಿಯಾಟಾ, 1.8 ಲೀಟರ್ ಎಂಜಿನ್. ಗೊತ್ತಿಲ್ಲದವರಿಗೆ: 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಬಂದ ಎರಡು ಸೀಟಿನ ಪುಟ್ಟ ಗಾಡಿ, ತೂಕ ಹೆಚ್ಚುಕಡಿಮೆ ಒಂದು ಟನ್. ಸ್ಟೀರಿಂಗ್ ಹಿಡಿದರೆ ರಸ್ತೆಯೇ ಕೈಗೆ ಸಿಕ್ಕ ಹಾಗೆ, ಅದಕ್ಕೇ ಜನ ಇದನ್ನು ಇಷ್ಟಪಡುವುದು. ಅಂಥ ಗಾಡಿ ಏಪ್ರಿಲ್‌ನಲ್ಲಿ ಚಳಿಗಾಲದ ನಿದ್ದೆಯಿಂದ ಎದ್ದಾಗ ನೆಟ್ಟಗೆ ಹೋಗುತ್ತಿರಲಿಲ್ಲ. ಐ-75 ಹೆದ್ದಾರಿಯಲ್ಲಿ 65 ಮೈಲಿ ವೇಗಕ್ಕೆ ಬಂದರೆ ಸಾಕು, ಬಲಕ್ಕೆ ಎಳೆತ. ಎಳೆತ ಒಂದೇ ಆದರೆ ಹೇಗೋ ತಡೆದುಕೊಳ್ಳಬಹುದು. ಅದರ ಜೊತೆಗೆ ಹಿಂಭಾಗ ತೇಲಾಡುತ್ತಿತ್ತು. ಪಕ್ಕದಲ್ಲಿ ಟ್ರಕ್ ಹೋದರೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ. ನೆಟ್ಟಗೆ ಹೋಗುವಾಗ ಸ್ಟೀರಿಂಗ್ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಸಣ್ಣಸಣ್ಣಗೆ ತಿದ್ದುತ್ತಲೇ ಹೋಗಬೇಕು. ಇಪ್ಪತ್ತು ನಿಮಿಷಕ್ಕೆ ಭುಜ ನೋವು.

ಮೊದಲ ಸಲ ಹೋದಾಗ ಕೌಂಟರಿನವನು ಕಾರು ನೋಡುವ ಮೊದಲೇ "ಅಲೈನ್‌ಮೆಂಟ್" ಅಂದ. ಅಂದರೆ ಗಾಡಿ ನೆಟ್ಟಗೆ ಹೋಗುವ ಹಾಗೆ ಚಕ್ರಗಳ ಕೋನ ಸರಿಮಾಡುವ ಕೆಲಸ. ಸರಿ, ಎಲ್ಲರೂ ಮೊದಲು ಅದನ್ನೇ ಮಾಡಿಸುವುದು. 139 ಡಾಲರ್. ಬಿಲ್ ಮೇಲೆ "ನಾಲ್ಕು ಚಕ್ರದ ಅಲೈನ್‌ಮೆಂಟ್ ಮುಗಿದಿದೆ" ಎಂದು ಬರೆದಿತ್ತು. ಮನೆಗೆ ಬರುವ ದಾರಿಯಲ್ಲೇ ಗೊತ್ತಾಯಿತು ಏನೂ ಬದಲಾಗಿಲ್ಲ ಅಂತ. ಫೋನ್ ಮಾಡಿದೆ. "ಇಲ್ಲಿಯ ರಸ್ತೆಗಳೆಲ್ಲ ಬಲಕ್ಕೆ ಇಳಿಜಾರು ಇರುತ್ತವೆ, ಸ್ವಲ್ಪ ಎಳೆಯುತ್ತದೆ ಸರ್" ಅಂದ. ಇಳಿಜಾರು ಇರುವುದು ನಿಜ, ಮಳೆನೀರು ಹರಿದುಹೋಗಲಿ ಅಂತ ಹಾಗೆ ಮಾಡಿರುತ್ತಾರೆ. ಆದರೆ ನಾನು ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಸಮತಟ್ಟಾದ ನೆಲದಲ್ಲಿ, ಎರಡೂ ದಿಕ್ಕಿಗೆ ಓಡಿಸಿ ನೋಡಿದೆ. ಎರಡೂ ದಿಕ್ಕಿಗೆ ಬಲಕ್ಕೇ ಎಳೆಯಿತು. ಅಂದರೆ ರಸ್ತೆಯದ್ದಲ್ಲ, ಕಾರಿನದ್ದು.

ಎರಡನೇ ಸಲ ಹೋದಾಗ ಹೇಳಿದ್ದು, ಸ್ಟೀರಿಂಗ್ ರ್ಯಾಕ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಭಾಗ) ಹೋಗಿದೆ, ಅದನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ಗಳ ತುದಿಯ ಕೀಲುಗಳೂ (ಟೈ ರಾಡ್ ಎಂಡ್) ಹೋಗಿವೆ. ಫೋನಿನಲ್ಲಿ 1,280 ಡಾಲರ್ ಅಂದರು. ನಾನು ಹೂಂ ಅಂದೆ. ಆ ಒಂದು "ಹೂಂ" ಇವತ್ತಿಗೂ ಚುಚ್ಚುತ್ತದೆ. ಸ್ಟೀರಿಂಗ್‌ನಲ್ಲಿ ಆಟ, ಅಂದರೆ ಸಡಿಲ, ಇದೆಯೇ ಅಂತ ನಾನೇ ನೋಡಬಹುದಿತ್ತು. ಗಾಡಿ ನೆಲದ ಮೇಲೇ ಇರಲಿ, ಒಬ್ಬರು ಸ್ಟೀರಿಂಗ್ ಒಂದು ಬೆರಳಿನಷ್ಟು ಅತ್ತಿತ್ತ ಅಲ್ಲಾಡಿಸಬೇಕು, ಇನ್ನೊಬ್ಬರು ಬಗ್ಗಿ ಟೈ ರಾಡ್ ನೋಡಬೇಕು. ಸ್ಟೀರಿಂಗ್ ಅಲ್ಲಾಡಿದರೂ ರಾಡ್ ಅಲ್ಲಾಡದಿದ್ದರೆ ಎಲ್ಲೋ ಸವೆದಿದೆ. ನನ್ನ ಗಾಡಿಯಲ್ಲಿ ಆಟವೇ ಇರಲಿಲ್ಲ. ಓಡಿಸುವವನು ನಾನು, ನನಗೆ ಗೊತ್ತಿತ್ತು. ಗೊತ್ತಿದ್ದೂ ಹೂಂ ಅಂದೆ.

ಬಿಲ್ ಬಂದದ್ದು 1,640. ಏಕೆ ಅಂದರೆ "ತುಕ್ಕು ಇತ್ತು, ಕೆಲಸ ಜಾಸ್ತಿ ಹಿಡಿಯಿತು, ಅಲೈನ್‌ಮೆಂಟ್ ಮತ್ತೆ ಮಾಡಬೇಕಾಯಿತು." ಕೇಳಿ ಮಾಡಬೇಕಿತ್ತಲ್ಲ ಅಂದರೆ "ನಿಮಗೆ ಫೋನ್ ಮಾಡಿದ್ದೆವು, ಸಿಗಲಿಲ್ಲ." ನನ್ನ ಫೋನಿನಲ್ಲಿ ಒಂದು ಮಿಸ್ಡ್ ಕಾಲ್ ಇಲ್ಲ. ಒಂದೂ ಇಲ್ಲ. ಹಳೇ ರ್ಯಾಕ್ ತೋರಿಸಿ ಅಂದೆ. ಎಕ್ಸ್‌ಚೇಂಜ್‌ಗೆ ಹೋಯಿತು ಅಂದರು. ದುಡ್ಡು ಕೊಟ್ಟು ಬಂದೆ. ಕಾರು ಬಲಕ್ಕೆ ಎಳೆಯಿತು.

ಮೂರನೇ ಸಲ ಟೈರು. "ಟೈರಿನ ಒಳಗೆ ಬೆಲ್ಟ್ ವಾರೆಯಾಗಿದ್ದರೆ ಒಂದು ಕಡೆ ಎಳೆಯುತ್ತದೆ." ಇದೂ ಸುಳ್ಳಲ್ಲ, ಟೈರಿನೊಳಗಿನ ಉಕ್ಕಿನ ತಂತಿಯ ಆ ಪದರ ವಾರೆಯಾದರೆ ಹಾಗಾಗುತ್ತದೆ. ಆದರೆ ಮುಂದಿನ ಎರಡು ಟೈರನ್ನು ಎಡಬಲ ಅದಲುಬದಲು ಮಾಡಿದ್ದರೆ ಕಾಲು ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಎಳೆತ ಎಡಕ್ಕೆ ತಿರುಗಿದರೆ ಟೈರಿನದ್ದು, ಬಲಕ್ಕೇ ಉಳಿದರೆ ಟೈರಿನದ್ದಲ್ಲ. ಅವರು ಅದನ್ನು ಮಾಡಲಿಲ್ಲ. 412 ಡಾಲರಿಗೆ ಹೊಸ ಟೈರ್ ಹಾಕಿದರು, ಅದಕ್ಕೆ 35 ಪಿಎಸ್‌ಐ ಗಾಳಿ ತುಂಬಿದರು. ಈ ಗಾಡಿಗೆ ಕಂಪನಿ ಹೇಳಿರುವುದು 26. ಬಾಗಿಲು ತೆಗೆದರೆ ಸ್ಟಿಕ್ಕರ್ ಮೇಲೆ ಬರೆದಿದೆ. ಅದನ್ನೂ ನೋಡಿರಲಿಲ್ಲ. ಹಗುರವಾದ ಗಾಡಿಗೆ ಅಷ್ಟು ಗಾಳಿ ತುಂಬಿದರೆ ರಸ್ತೆಯ ಒಂದೊಂದು ಗೆರೆಗೂ ಬೆಚ್ಚಿಬೀಳುತ್ತದೆ. ಹೋಗಿದ್ದಕ್ಕಿಂತ ಕೆಟ್ಟದಾಗಿ ವಾಪಸ್ ಬಂತು.

ಅವತ್ತು ರಾತ್ರಿ ಹಾಸನಕ್ಕೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಓಡಿಸ್ಕೊಂಡ್ ಬಂದ್‌ಮೇಲೆ ಚಕ್ರ ಮುಟ್ಟಿ ನೋಡಿದ್ಯೇನೋ?"

ನೋಡಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಚಪ್ಪಲಿ ಹಾಕಿಕೊಂಡು ಹೋಗಿ ಹತ್ತು ಮೈಲಿ ಓಡಿಸಿ ಬಂದೆ. ಬ್ರೇಕ್ ಆದಷ್ಟು ಒತ್ತದೆ ನಿಲ್ಲಿಸಿದೆ. ಎಡ ಮುಂಚಕ್ರದ ಹತ್ತಿರ ಕೈ ಇಟ್ಟರೆ ಬೆಚ್ಚಗೆ. ಬಲಗಡೆ ಕೈ ಇಡಲಿಕ್ಕೆ ಆಗಲಿಲ್ಲ, ಒಂದು ಥರ ಸುಟ್ಟ ವಾಸನೆ ಬೇರೆ. ಮರುದಿನ ಗೆಳೆಯನ ಇನ್ಫ್ರಾರೆಡ್ ಥರ್ಮಾಮೀಟರ್ ತಂದು ನೋಡಿದರೆ ಎಡ ಬ್ರೇಕ್ ಡಿಸ್ಕ್ 61 ಡಿಗ್ರಿ ಸೆಲ್ಸಿಯಸ್, ಬಲ ಡಿಸ್ಕ್ 138. ಬ್ರೇಕ್ ಹಿಡಿದುಕೊಂಡಿದೆ! ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಕಾಲು ತೆಗೆದರೂ ಪ್ಯಾಡು ಡಿಸ್ಕನ್ನು ಬಿಡುತ್ತಿರಲಿಲ್ಲ. ಬಲ ಚಕ್ರ ಹಿಡಿದರೆ ಗಾಡಿ ಬಲಕ್ಕೆ ಎಳೆಯದೆ ಎಲ್ಲಿಗೆ ಹೋಗುತ್ತದೆ? ಮೂರು ಸಲ ಜ್ಯಾಕ್ ಮೇಲೆ ಎತ್ತಿದ್ದಾರೆ. ಟೈರ್ ಹಾಕುವಾಗ ಆ ಚಕ್ರವನ್ನೇ ಬಿಚ್ಚಿದ್ದಾರೆ. ಕೈಯಲ್ಲಿ ಒಂದು ಸಲ ತಿರುಗಿಸಿ ನೋಡಿದ್ದರೆ ಸಾಕಿತ್ತು.

ಪಿನ್ ತೆಗೆದು ಉಜ್ಜಿ ಗ್ರೀಸ್ ಹಾಕಿದೆವು. ಎಳೆತ ಮುಕ್ಕಾಲು ಹೋಯಿತು. ಆದರೆ ತೇಲಾಟ ಹಾಗೇ ಇತ್ತು, ಸ್ಟೀರಿಂಗ್ ವಾಲಿಕೊಂಡೇ ಇತ್ತು. ಗೆಳೆಯ ಇಲ್ಲಿಯ ಕಾರು ಕಂಪನಿಯೊಂದರಲ್ಲಿ ಸಸ್ಪೆನ್ಷನ್ ಕೆಲಸ ಮಾಡುವವನು. "ಅಲೈನ್‌ಮೆಂಟ್ ಪ್ರಿಂಟ್ ಎಲ್ಲಿ ಮಾರಾಯ?" ಅಂದ. ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಗ್ಯಾರೇಜಿಗೆ ಫೋನ್ ಮಾಡಿ ಎರಡೂ ಸಲದ್ದನ್ನು ಇಮೇಲ್ ಮಾಡಿಸಿಕೊಂಡೆ.

ಅಡುಗೆಮನೆ ಮೇಜಿನ ಮೇಲೆ ಎರಡೂ ಹಾಳೆ ಹರಡಿಕೊಂಡು ಕೂತೆ. ಮುಂದಿನ ಚಕ್ರಗಳ ಟೋ (ಮೇಲಿನಿಂದ ನೋಡಿದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ತಿರುಗಿದೆ ಅನ್ನುವ ಕೋನ) ಬದಲಾಗಿದೆ, ಹಸಿರು ಬಣ್ಣ. ಹಸಿರು ಅಂದರೆ ಸರಿ ಇದೆ, ಕೆಂಪು ಅಂದರೆ ಇಲ್ಲ. ಕೆಳಗೆ ಹಿಂದಿನ ಚಕ್ರ. ಎಡ ಹಿಂಚಕ್ರದ ಟೋ, ಮಾಡುವ ಮೊದಲು −0.34 ಡಿಗ್ರಿ. ಮಾಡಿದ ನಂತರ −0.34. ಕೆಂಪು ಬಣ್ಣ. ಎರಡನೇ ಹಾಳೆ: ಮೊದಲು −0.35, ನಂತರ −0.35. ಕೆಂಪು ಬಣ್ಣ. ಥ್ರಸ್ಟ್ ಆ್ಯಂಗಲ್ (ಹಿಂದಿನ ಚಕ್ರಗಳು ಒಟ್ಟಾಗಿ ಗಾಡಿಯನ್ನು ಯಾವ ಕಡೆಗೆ ತಳ್ಳುತ್ತವೆ ಅನ್ನುವ ಕೋನ), ಮೊದಲೂ ಕೆಂಪು, ನಂತರವೂ ಕೆಂಪು. ಹಿಂದೆ ಒಂದು ಪಾನಾ ಕೂಡ ಹಾಕಿಲ್ಲ! ನಾಲ್ಕು ಚಕ್ರದ ಅಲೈನ್‌ಮೆಂಟಿಗೆ ದುಡ್ಡು ತಗೊಂಡು ಎರಡು ಚಕ್ರ ತಿರುಗಿಸಿ ಕಳಿಸಿದ್ದಾರೆ, ಅದೂ ಎರಡೆರಡು ಸಲ. ಮೆಷಿನ್ ಸುಳ್ಳು ಹೇಳಿರಲಿಲ್ಲ, ಎಲ್ಲಾ ಹಾಳೆಯ ಮೇಲೇ ಇತ್ತು. ಹೆಂಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ನನಗೆ ತಲೆ ಎತ್ತಲು ಆಗಲಿಲ್ಲ.

ಮೈನಸ್ ಅಂದರೆ ಚಕ್ರ ಹೊರಮುಖವಾಗಿದೆ. ಹಿಂದಿನ ಚಕ್ರಗಳು ತುಸು ಒಳಮುಖವಾಗಿದ್ದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ಒಂದು ಹೊರಗೆ ನೋಡುತ್ತಿದ್ದರೆ ಹಿಂಭಾಗ ಆ ಕಡೆಗೆ ಜಾರುತ್ತದೆ, ಮೂತಿ ಇನ್ನೊಂದು ಕಡೆಗೆ ತಿರುಗುತ್ತದೆ, ಅದನ್ನು ತಡೆಯಲು ನೀವು ಸ್ಟೀರಿಂಗ್ ವಾರೆ ಹಿಡಿಯಬೇಕಾಗುತ್ತದೆ. ನನ್ನ ಸ್ಟೀರಿಂಗ್ ಎಡಕ್ಕೆ ವಾಲಿದ್ದು, ಪಕ್ಕದಲ್ಲಿ ಟ್ರಕ್ ಹೋದಾಗ ತಳ್ಳಿದ ಹಾಗೆ ಆಗುತ್ತಿದ್ದದ್ದು, ಎಲ್ಲಾ ಆ ಒಂದು ಅಂಕಿಯಲ್ಲಿತ್ತು.

ಹಾಳೆ ಹಿಡಿದುಕೊಂಡು ಹೋದೆ. ಅವರ ಉತ್ತರಗಳನ್ನು ಇದ್ದ ಹಾಗೇ ಹೇಳುತ್ತೇನೆ.

ಮೊದಲು: "ಈ ಕಾರಿನಲ್ಲಿ ಹಿಂದಿನದನ್ನು ಅಡ್ಜಸ್ಟ್ ಮಾಡಲು ಬರುವುದಿಲ್ಲ." ಸುಳ್ಳು. ಮಿಯಾಟಾದಲ್ಲಿ ನಾಲ್ಕೂ ಚಕ್ರದ ಕೆಳ ಆರ್ಮ್‌ಗೆ (ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳು) ಎರಡೆರಡರಂತೆ ಒಟ್ಟು ಎಂಟು ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಚಕ್ರದ ಕೋನ ಬದಲಾಗುವ ಬೋಲ್ಟ್) ಇವೆ. ಅವು ಇರುವುದೇ ಅಡ್ಜಸ್ಟ್ ಮಾಡಲಿಕ್ಕೆ. ಅದನ್ನು ಹೇಳಿದೆ.

ಆಮೇಲೆ: "ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿವೆ, ಮುರಿದರೆ ನಮ್ಮ ತಲೆಗೆ ಬರುತ್ತದೆ." ಇದು ನಿಜವೇ ಇರಬಹುದು. ಮಿಷಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಬೋಲ್ಟ್ ಬುಷ್‌ನ (ಆರ್ಮ್‌ನ ರಬ್ಬರ್ ಕೀಲು) ಒಳಗಿನ ಕಬ್ಬಿಣದ ಕೊಳವೆಗೆ ಕಚ್ಚಿಕೊಳ್ಳುವುದು ಈ ಗಾಡಿಯ ಹಳೇ ಕಾಯಿಲೆ. ಹಾಗಿದ್ದರೆ ಮೊದಲ ದಿನವೇ ಹೇಳಬೇಕಿತ್ತಲ್ಲ? ಹೇಳಿದ್ದರೆ ರ್ಯಾಕ್ ಹಾಕಿಸುತ್ತಲೇ ಇರಲಿಲ್ಲ. ಬಿಲ್ ಮೇಲೆ ಯಾಕೆ "ಮುಗಿದಿದೆ" ಅಂತ ಬರೆದಿರಿ?

ಕೊನೆಗೆ: "ನೋಡಿ ಸರ್, ಮೂವತ್ತು ವರ್ಷದ ಕಾರು. ನೀವು ಸಹಿ ಹಾಕಿದ್ದೀರಿ." ಬೇಕಾದರೆ ಮುಂದಿನ ಆಯಿಲ್ ಚೇಂಜ್‌ನಲ್ಲಿ 50 ಡಾಲರ್ ಕಡಿಮೆ ಮಾಡುತ್ತಾರಂತೆ. ಮೂವತ್ತು ವರ್ಷದ ಕಾರು ಅಂತ ಆ ಮನುಷ್ಯ ಆವತ್ತು ಐದು ಸಲ ಹೇಳಿದ. ರ್ಯಾಕ್ ಮಾರುವಾಗ, ಟೈರ್ ಮಾರುವಾಗ ವಯಸ್ಸು ನೆನಪಿರಲಿಲ್ಲ.

ಗೆಳೆಯನ ಗ್ಯಾರೇಜಿನಲ್ಲಿ ಗಾಡಿ ಎತ್ತಿ ಟಾರ್ಚ್ ಬಿಟ್ಟು ನೋಡಿದೆವು. ಎಡ ಹಿಂಬದಿಯ ಬೋಲ್ಟಿನ ತಲೆಯ ಮೇಲೆ ತುಕ್ಕಿನ ಹೊಪ್ಪಳೆ ಒಂದಿಷ್ಟೂ ಉದುರಿರಲಿಲ್ಲ. ನಟ್ಟಿನಿಂದ ಆರ್ಮ್‌ವರೆಗೆ ಧೂಳು ಹಿಡಿದ ಹಳೇ ಜೇಡರ ಬಲೆ ಹಾಗೇ ಇತ್ತು. ಯಾರಾದರೂ ಪಾನಾ ಇಟ್ಟಿದ್ದರೆ ಆ ಬಲೆ ಉಳಿಯುತ್ತಿತ್ತೇ? ಫೋಟೋ ತೆಗೆದಿಟ್ಟಿದ್ದೇನೆ.

ಆ ಬೋಲ್ಟ್ ತಿರುಗಲೇ ಇಲ್ಲ. ಎಣ್ಣೆ ಬಿಟ್ಟೆವು, ಕಾಯಿಸಿದೆವು, ಕೊನೆಗೆ ಗರಗಸದಲ್ಲಿ ಕೊಯ್ದೆವು. ಹಿಂದಿನ ನಾಲ್ಕನ್ನೂ ಹೊಸದು ಹಾಕಿ, ಕಚ್ಚದ ಹಾಗೆ ಗ್ರೀಸ್ ಬಳಿದು, ಎಡಗಡೆ ಬುಷ್ ಬದಲಾಯಿಸಿ, ಬೇರೊಂದು ಕಡೆ ಅಲೈನ್‌ಮೆಂಟ್ ಮಾಡಿಸಿದೆ, ಪಕ್ಕದಲ್ಲೇ ನಿಂತು. ಗಾಳಿ 26ಕ್ಕೆ ಇಳಿಸಿದೆ. ಎರಡು ಶನಿವಾರದ ಕೆಲಸ, ಬಿಡಿಭಾಗ ಮತ್ತು ಅಲೈನ್‌ಮೆಂಟ್ ಎಲ್ಲಾ ಸೇರಿ 400 ಡಾಲರ್ ಕೂಡ ಆಗಲಿಲ್ಲ. ಗಾಡಿ ಈಗ ನೆಟ್ಟಗೆ ಹೋಗುತ್ತದೆ. ಸ್ಟೀರಿಂಗ್ ನೆಟ್ಟಗಿದೆ.

ಆದ್ದರಿಂದ, ಹಳೇ ಗಾಡಿ ಎಳೆಯುತ್ತಿದ್ದರೆ ಮೊದಲು ಗಾಳಿ ನೋಡಿ, ಚಕ್ರ ಮುಟ್ಟಿ ನೋಡಿ, ಟೈರ್ ಅದಲುಬದಲು ಮಾಡಿ ನೋಡಿ. ಇದಕ್ಕೆಲ್ಲ ಒಂದು ಡಾಲರ್ ಖರ್ಚಿಲ್ಲ. ಅಲೈನ್‌ಮೆಂಟಿಗೆ ಬಿಡುವ ಮೊದಲೇ "ಹಿಂದಿನ ಬೋಲ್ಟ್ ತಿರುಗುತ್ತವೆಯೇ ನೋಡಿ ಹೇಳಿ, ತಿರುಗದಿದ್ದರೆ ಕೆಲಸ ನಿಲ್ಲಿಸಿ" ಅನ್ನಿ. ಎರಡೂ ಅಂಕಿ ಇರುವ ಹಾಳೆ ಕೈಗೆ ಬರುವವರೆಗೆ ಕಾರ್ಡ್ ತೆಗೆಯಬೇಡಿ. ಫೋನಿನಲ್ಲಿ ಹೂಂ ಅನ್ನಬೇಡಿ, ದಯವಿಟ್ಟು ಅನ್ನಬೇಡಿ. ಮಿಷಿಗನ್‌ನಲ್ಲಿ ವಾಹನ ರಿಪೇರಿಗೆ 1974ರಿಂದಲೇ ಕಾನೂನು ಇದೆ: ಬರಹದಲ್ಲಿ ಎಸ್ಟಿಮೇಟ್ ಕೊಡಬೇಕು, ನಿಮ್ಮ ಒಪ್ಪಿಗೆ ಇಲ್ಲದೆ ಅದಕ್ಕಿಂತ ಶೇ. 10 ಅಥವಾ 50 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. 1,280 ಹೇಳಿ 1,640 ತೆಗೆದುಕೊಂಡಾಗ ನನಗೆ ಇದು ಗೊತ್ತಿರಲಿಲ್ಲ.

ಇಂಥ ದೂರು ನೋಡಿಕೊಳ್ಳುವ ಮಿಷಿಗನ್ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ದೂರು ಕೊಟ್ಟಿದ್ದೇನೆ. ಬಿಲ್‌ಗಳು, ಎರಡೂ ಹಾಳೆ, ಜೇಡರ ಬಲೆಯ ಫೋಟೋ ಎಲ್ಲಾ ಜೊತೆಗಿಟ್ಟಿದ್ದೇನೆ. ದೂರು ಮುಗಿಯುವವರೆಗೆ ಗ್ಯಾರೇಜಿನ ಹೆಸರು ಇಲ್ಲಿ ಹಾಕುವುದಿಲ್ಲ, ಕೇಳಬೇಡಿ. ಕೊಯ್ದ ಬೋಲ್ಟ್ ಪ್ಲಾಸ್ಟಿಕ್ ಚೀಲದಲ್ಲಿದೆ. ತನಿಖೆಯವರು ಕೇಳಿದರೆ ಅದನ್ನೂ ಕೊಡುತ್ತೇನೆ.