ಬ್ಯಾರೊ ಕೊಲರಾಡೊ ಪಕ್ಷಿ ಪ್ರವಾಸ: ಎರಡನೆಯ ದಿನಕ್ಕಾಗಿ ಹೋಗಿ

ಪನಾಮಾ ನಗರದ ಪ್ರವಾಸ ಸಂಸ್ಥೆಯೊಂದು ನಡೆಸುವ ಎರಡು ದಿನದ ಪಕ್ಷಿವೀಕ್ಷಣೆಗೆ ಹೋಗಿಬಂದು ಇದನ್ನು ಬರೆಯುತ್ತಿದ್ದೇನೆ. ಮೊದಲ ದಿನ ಗಟೂನ್ ಸರೋವರದ ಬ್ಯಾರೊ ಕೊಲರಾಡೊ ದ್ವೀಪ, ಮರುದಿನ ಗಂಬೋವಾ ಬಳಿ ಸೊಬೆರಾನಿಯಾ ರಾಷ್ಟ್ರೀಯ ಉದ್ಯಾನದ ಪೈಪ್‌ಲೈನ್ ರಸ್ತೆ. ವಾಹನ, ದೋಣಿ, ಊಟಗಳಲ್ಲಿ ಕೊರತೆಯಿರಲಿಲ್ಲ. ನನ್ನ ತಕರಾರೆಲ್ಲ ಅವರ ಕರಪತ್ರದ ಒಂದು ಚಿತ್ರದ ಮೇಲೆ.

ದ್ವೀಪದ ಪುಟದಲ್ಲಿ ಆಸಿಲೇಟೆಡ್ ಆ್ಯಂಟ್‌ಬರ್ಡ್ ಅನ್ನು ಅಚ್ಚು ಹಾಕಿದ್ದಾರೆ: ಕಣ್ಣಿನ ಸುತ್ತ ಗರಿಯಿಲ್ಲದ ನೀಲಿ ಚರ್ಮ, ಬೆನ್ನ ಮೇಲೆ ಮೀನಿನ ಹುರುಪೆಯಂಥ ವಿನ್ಯಾಸ. ಅದನ್ನು ನೋಡಲೆಂದೇ ನಾನು ಹಣ ಕಟ್ಟಿದ್ದು. ದೋಣಿಯಿಂದ ಇಳಿದು ವಿಚಾರಿಸಿದರೆ, ಆ ಹಕ್ಕಿ 1970ರ ಸುಮಾರಿಗೇ ದ್ವೀಪದಿಂದ ಕಣ್ಮರೆಯಾಯಿತೆಂದು ಮಾರ್ಗದರ್ಶಕರು ಮುಜುಗರದಿಂದಲೇ ಹೇಳಿದರು.

ಆದರೆ ಅದರ ಕಾರಣವನ್ನು ಅವರು ವಿವರಿಸಿದ ರೀತಿಗೇ ಕೊಟ್ಟ ಹಣದ ಅರ್ಧ ಸಂದಿತು. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ, 1914ರ ಹೊತ್ತಿಗೆ ಸರೋವರ ತುಂಬಿದಾಗ, ಬೆಟ್ಟದ ನೆತ್ತಿಯೊಂದು ಸುಮಾರು 1,500 ಹೆಕ್ಟೇರ್‌ಗಳ ದ್ವೀಪವಾಗಿ ಉಳಿಯಿತು. 1923ರಿಂದ ಅದು ರಕ್ಷಿತ ಕಾಡು. ಹಾಗಿದ್ದೂ ನೆಲದಲ್ಲಿ ಹುಳಹುಪ್ಪಟೆ ಹೆಕ್ಕುವ ಹಕ್ಕಿಗಳು ಹಲವು ಅಲ್ಲಿ ಇಲ್ಲವಾದವು. ಆ್ಯಂಟ್‌ಬರ್ಡ್ ತಿನ್ನುವುದು ಇರುವೆಯನ್ನಲ್ಲ, ದಂಡೆತ್ತಿ ಬರುವ ಆರ್ಮಿ ಇರುವೆಗಳಿಗೆ ಹೆದರಿ ತರಗೆಲೆಯಡಿಯಿಂದ ಹಾರಿಬೀಳುವ ಜಿರಲೆ, ಮಿಡತೆ, ಜೇಡಗಳನ್ನು. ಈ ಇರುವೆಗಳು ಸುಮಾರು 15 ದಿನ ಅಲೆದು, ಸುಮಾರು 20 ದಿನ ಒಂದೆಡೆ ಬೀಡುಬಿಡುತ್ತವೆ. ಬೀಡುಬಿಟ್ಟಾಗ ದಾಳಿ ಕಡಿಮೆಯಾಗುವುದರಿಂದ ಹಕ್ಕಿ ಹಲವು ದಂಡುಗಳ ಜಾಡು ತಿಳಿದಿರಬೇಕು, ಅಷ್ಟಕ್ಕೆ ದೊಡ್ಡ ಕಾಡೇ ಬೇಕು. ಹಾಗಾದರೆ ಎದುರು ದಡದಿಂದ ಹೊಸ ಹಕ್ಕಿ ಬರಬಾರದೇ ಎಂದು ಕೇಳಿದೆ. ಸಂಶೋಧಕರು ಕಾಡಿನ ಹಕ್ಕಿಗಳನ್ನು ಇದೇ ಸರೋವರದ ನೀರಿನ ಮೇಲೆ ದೋಣಿಯಿಂದ ಹಾರಿಬಿಟ್ಟು ನೋಡಿದಾಗ, ಕೆಲವು ಜಾತಿಯವು ನೂರು ಮೀಟರ್ ಕೂಡ ದಾಟಲಾರದೆ ಹೋದವಂತೆ. ಈಜುಕೊಳದ ಎರಡು ಉದ್ದದಷ್ಟು ನೀರು!

ದ್ವೀಪದಲ್ಲಿ ಈಗ ಆ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬಿರುವುದು ಚಿಕ್ಕ ಗಾತ್ರದ ಸ್ಪಾಟೆಡ್ ಆ್ಯಂಟ್‌ಬರ್ಡ್. ಪ್ರತಿಸ್ಪರ್ಧಿ ಹೋದ ಮೇಲೆ ಅದರ ಸಂಖ್ಯೆ ಹೆಚ್ಚಿದೆ. ನಮಗೆ ಒಂದು ಜೋಡಿ ಕಂಡಿತು.

ಮರುದಿನ ಪೈಪ್‌ಲೈನ್ ರಸ್ತೆಯಲ್ಲಿ ಮಾರ್ಗದರ್ಶಕರು ದಿಢೀರನೆ ನಿಂತು ನೆಲ ತೋರಿಸಿದರು. ತರಗೆಲೆಗಳೇ ಸರಸರ ಹರಿಯುತ್ತಿರುವಂತಿತ್ತು. ಅದರ ಅಂಚಿನಲ್ಲಿ, ಮೊಣಕಾಲೆತ್ತರದಲ್ಲಿ, ಬೆರಳು ದಪ್ಪದ ನೇರ ಕಾಂಡವೊಂದನ್ನು ಅಡ್ಡಡ್ಡ ಹಿಡಿದು ಕೂತಿತ್ತು ನೀಲಿ ಮುಖದ ಹಕ್ಕಿ. ಕೆಳಕ್ಕೆ ಜಿಗಿದು, ಮಿಡತೆಯೊಂದನ್ನು ಕಚ್ಚಿಕೊಂಡು, ಮತ್ತೆ ಅದೇ ಕಾಂಡಕ್ಕೆ ಬಂತು.

ಮಾರ್ಗದರ್ಶಕರಿಗೆ ಐದಕ್ಕೆ ಐದು, ಕಚೇರಿಗೆ ಎರಡು. ಚಿತ್ರವನ್ನು ಎರಡನೆಯ ದಿನದ ಪುಟಕ್ಕೆ ಸರಿಸಿ ಎಂದು ಬರೆದಿದ್ದಕ್ಕೆ ಧನ್ಯವಾದ ಬಂತು, ಬದಲಾವಣೆ ಇನ್ನೂ ಬಂದಿಲ್ಲ. ಹೋಗುವವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ; ಹಕ್ಕಿ ನೋಡುತ್ತ ಮೈಮರೆತರೆ ಇರುವೆ ಮಂಡಿಯವರೆಗೆ ಏರಿರುತ್ತದೆ.