ಸಣ್ಣ ಗಾಡಿ ಸಾಕಾ, ಪಿಕಪ್ ಬೇಕಾ? ಎರಡನ್ನೂ ವರ್ಷಗಟ್ಟಲೆ ಓಡಿಸಿದವನ ಲೆಕ್ಕ

ಹಾಸನದ ಹತ್ತಿರ ನಮ್ಮದು ಸಿಮೆಂಟ್, ಪೈಪು, ಹಂಚಿನ ಅಂಗಡಿ. ಅಂಗಡಿಗೆ ಎರಡು ಗಾಡಿ ಇವೆ. ಒಂದು ಮುಕ್ಕಾಲು ಟನ್ನಿನ ಸಣ್ಣ ಗಾಡಿ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಊರೂರಲ್ಲಿ ತುಂಬಿಕೊಂಡವಲ್ಲ, ಆ ಜಾತಿಯದು. ಇನ್ನೊಂದು 1.3 ಟನ್ನಿನ ಪಿಕಪ್. ವ್ಯಾಪಾರ ಸಕಲೇಶಪುರದ ಕಡೆಗೆ ಬೆಳೆದಾಗ ತಂದಿದ್ದು. ಎರಡೂ ಡೀಸೆಲ್, ಎರಡೂ ವರ್ಷಗಟ್ಟಲೆ ದಿನಾ ದುಡಿದಿವೆ. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಇಲ್ಲಿ ಹೇಳುವ ಲೆಕ್ಕ ಯಾವ ಕಂಪನಿಯ ಗಾಡಿಗೂ ಒಂದೇ.

ಗಾಡಿ ತಗೊಳ್ಳುವವರು ಮೊದಲು ಕೇಳುವುದು "ಎಷ್ಟು ಎಳೆಯುತ್ತೆ?" ಅಂತ. ಎಳೆಯುವುದಕ್ಕೇನು, ಎರಡೂ ಎಳೆಯುತ್ತವೆ. ಕೇಳಬೇಕಾದ್ದು ಎಷ್ಟು ಹೊರಬಹುದು, ಆ ತೂಕ ಹೊತ್ತಾಗ ಎಷ್ಟು ಬೇಗ ನಿಲ್ಲುತ್ತದೆ ಅಂತ. ಅದಕ್ಕೆ ಉತ್ತರ ಜಾಹೀರಾತಿನಲ್ಲಿ ಇರಲ್ಲ, ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ ಇರುತ್ತದೆ.

ಆರ್‌ಸಿಯಲ್ಲಿ ಎರಡು ಅಂಕಿ ನೋಡಿ. ಲೇಡನ್ ವೆಯ್ಟ್ ಅಂದರೆ ಲೋಡ್ ಸಮೇತ ಗಾಡಿ ದಾಟಬಾರದ ಒಟ್ಟು ತೂಕ. ಅನ್‌ಲೇಡನ್ ವೆಯ್ಟ್ ಅಂದರೆ ಖಾಲಿ ಗಾಡಿಯ ತೂಕ. ಒಂದರಲ್ಲಿ ಒಂದು ಕಳೆದರೆ ಲೋಡ್ ಸಿಕ್ಕಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪೂರ್ತಿ ಸಿಗಲ್ಲ. ಡ್ರೈವರ್, ಹಮಾಲಿ, ಟ್ಯಾಂಕಿನ ಡೀಸೆಲ್, ಸ್ಟೆಪ್ನಿ, ಜಾಕಿ, ಹಗ್ಗ, ಟಾರ್ಪಾಲು, ಆಮೇಲೆ ಹಾಕಿಸಿದ ಕಬ್ಬಿಣದ ಕ್ಯಾರಿಯರ್, ಇವೆಲ್ಲದರ ತೂಕವನ್ನೂ ಗಾಡಿಯೇ ತಾನೇ ಹೊರಬೇಕು?

ಹಾಗಾಗಿ ನಾವು ಎರಡೂ ಗಾಡಿಯನ್ನು ಹೀಗೆ ರೆಡಿ ಮಾಡಿ, ಇಬ್ಬರು ಕೂತು, ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದೆವು. ಸಣ್ಣ ಗಾಡಿ 980 ಕೆಜಿ ತೂಗಿತು. ಅದರ ಲೇಡನ್ 1,550. ಉಳಿದಿದ್ದು 570 ಕೆಜಿ. ಅಂದರೆ 50 ಕೆಜಿ ಸಿಮೆಂಟ್ ಮೂಟೆ ಹನ್ನೊಂದು. ಪಿಕಪ್ 1,870 ತೂಗಿತು. ಲೇಡನ್ 2,990. ಉಳಿದಿದ್ದು 1,120 ಕೆಜಿ, ಮೂಟೆ ಇಪ್ಪತ್ತೆರಡು. ನಮ್ಮ ಇಡೀ ವ್ಯವಹಾರ ಈಗ ನಡೆಯುವುದು ಈ ಹನ್ನೊಂದು, ಇಪ್ಪತ್ತೆರಡರ ಮೇಲೆ. ಎರಡು ಅಂಕಿಯನ್ನೂ ಪೇಂಟಿನಲ್ಲಿ ಬರೆಸಿ ಗೋಡೌನ್ ಬಾಗಿಲಿಗೆ ಹಾಕಿದ್ದೇವೆ.

ಬಾಡಿಯ ಉದ್ದಗಲ ನೋಡಿ ಗಾಡಿ ಆರಿಸುವವರಿಗೆ ಎಂ-ಸ್ಯಾಂಡಿನ (ಕಲ್ಲು ಪುಡಿ ಮಾಡಿ ತೆಗೆದ ಮರಳು) ಲೆಕ್ಕ ಹೇಳುತ್ತೇನೆ. ಸಣ್ಣ ಗಾಡಿಯ ಬಾಡಿ ಸುಮಾರು ಏಳು ಅಡಿ ಉದ್ದ, ಐದಡಿಗೆ ಸ್ವಲ್ಪ ಕಡಿಮೆ ಅಗಲ. ಒಂದು ಘನ ಅಡಿ ಎಂ-ಸ್ಯಾಂಡ್ ಕಡಿಮೆ ಅಂದರೂ 45 ಕೆಜಿ. ಅರ್ಧ ಅಡಿ ಎತ್ತರಕ್ಕೆ ಹರಡಿ, ಆಗಲೇ ಮುಕ್ಕಾಲು ಟನ್ ಹತ್ತಿರ ಬಂತು. ಕಣ್ಣಿಗೆ ಮಾತ್ರ ಬಾಡಿ ಅರ್ಧ ಖಾಲಿ ಕಾಣುತ್ತದೆ. ಕಸ್ಟಮರ್ ಪಕ್ಕದಲ್ಲಿ ನಿಂತು "ಅಣ್ಣ, ಇನ್ನೂ ಜಾಗ ಇದೆಯಲ್ಲ, ಹಾಕ್ಬಿಡಿ, ಏನೂ ಆಗಲ್ಲ" ಅನ್ನುತ್ತಾರೆ. ಅವರ ತಪ್ಪಲ್ಲ, ಕಾಣುವುದೇ ಹಾಗೆ. ಅದೇ ಬಾಡಿಗೆ ಸಾವಿರ ಲೀಟರಿನ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಇಟ್ಟರೆ ಜಾಗ ಮುಗಿಯುತ್ತದೆ, ತೂಕ ಮಾತ್ರ ಲೆಕ್ಕಕ್ಕೇ ಇಲ್ಲ. ನೀವು ಟ್ಯಾಂಕು, ಪಿವಿಸಿ ಪೈಪು, ಬಾಗಿಲು, ಫರ್ನಿಚರ್, ಬ್ರೆಡ್ಡು, ಹೂವು ಸಾಗಿಸುವವರಾದರೆ ನಿಮಗೆ ಬೇಕಿರುವುದು ಜಾಗ. ಸಣ್ಣ ಗಾಡಿಗೆ ಎತ್ತರದ ಬಾಡಿ ಕಟ್ಟಿಸಿದರೆ ಸಾಕು. ಮರಳು, ಸಿಮೆಂಟ್, ಟೈಲ್ಸ್, ಗೊಬ್ಬರ, ಅಕ್ಕಿ ಆದರೆ ಜಾಗದ ಮಾತೇ ಬೇಡ, ತೂಕ ಹಿಡಿದು ನೋಡಿ.

"ಸಣ್ಣದೇ ತಗೊಂಡು ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದರೆ ಆಯ್ತಲ್ವಾ?" ಈ ಸಲಹೆ ಎಲ್ಲ ಕಡೆ ಸಿಗುತ್ತದೆ. ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದೆರಡು ಪ್ಲೇಟ್ ಸೇರಿಸಿದರೆ ಗಾಡಿ ಕುಸಿದು ಕೂರಲ್ಲ, ನಿಜ. ಆದರೆ ಆ ಪ್ಲೇಟು ಟೈರನ್ನು ಗಟ್ಟಿ ಮಾಡಲ್ಲ. ಆಕ್ಸೆಲ್, ಬೇರಿಂಗ್, ಬ್ರೇಕ್ ಮೊದಲಿನವೇ ಇರುತ್ತವೆ. ಟೈರಿನ ಪಕ್ಕದಲ್ಲಿ ಅಳತೆಯ ಜೊತೆ ಒಂದು ಲೋಡ್ ನಂಬರ್ ಇರುತ್ತದೆ. ಅಲ್ಲಿ 86 ಅಂತ ಇದ್ದರೆ ಒಂದು ಟೈರಿನ ಮಿತಿ 530 ಕೆಜಿ. ಹಿಂದಿನ ಎರಡೂ ಸೇರಿ 1,060. ಸಣ್ಣ ಗಾಡಿಗೆ 20 ಮೂಟೆ ಏರಿಸಿದರೆ ಮೂಟೆಗಳೇ ಸಾವಿರ ಕೆಜಿ. ಅದರ ಬಹುಪಾಲು ಹಿಂದಿನ ಆಕ್ಸೆಲ್ ಮೇಲೆ ಕೂರುತ್ತದೆ, ಗಾಡಿಯ ಸ್ವಂತ ತೂಕ ಬೇರೆ. ಬಿಸಿಲಲ್ಲಿ ಟೈರ್ ಸಿಡಿಯುವುದು ಯಾಕೆ ಅಂತ ಇನ್ನು ಬೇರೆ ಹೇಳಬೇಕಿಲ್ಲ.

ಪಿಕಪ್‌ಗೆ ಪ್ಲೇಟ್ ಸೇರಿಸುವುದು ಇನ್ನೂ ಅಪಾಯ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹಲವು ಪಿಕಪ್‌ಗಳಲ್ಲಿ ಚಾಸಿಗೂ (ಗಾಡಿಯ ಕೆಳಗಿನ ಚೌಕಟ್ಟು) ಹಿಂದಿನ ಆಕ್ಸೆಲ್‌ಗೂ ನಡುವೆ ಒಂದು ಸಣ್ಣ ಸರಳು, ಅದರ ತುದಿಯಲ್ಲಿ ಒಂದು ವಾಲ್ವ್ ಇರುತ್ತದೆ. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಕಾಣುತ್ತದೆ. ಲೋಡ್ ಬಿದ್ದಾಗ ಚಾಸಿ ಕೆಳಗಿಳಿಯುತ್ತದೆ, ಸರಳು ತಿರುಗುತ್ತದೆ, ವಾಲ್ವ್ ತೆರೆದು ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಶರ್ ಬಿಡುತ್ತದೆ. ಖಾಲಿ ಇದ್ದಾಗ ಪ್ರೆಶರ್ ಕಡಿಮೆ ಮಾಡುತ್ತದೆ, ಇಲ್ಲದಿದ್ದರೆ ಹಗುರಾದ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಈಗ ನೀವು ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದಿರಿ. ಎಷ್ಟೇ ಲೋಡ್ ಹಾಕಿದರೂ ಚಾಸಿ ಮೊದಲಿನಷ್ಟು ಇಳಿಯಲ್ಲ. ವಾಲ್ವಿನ ಪಾಲಿಗೆ ಗಾಡಿಯಲ್ಲಿ ಲೋಡೇ ಇಲ್ಲ. ಹಿಂದಿನ ಬ್ರೇಕಿಗೆ ಪ್ರೆಶರ್ ಕಮ್ಮಿ ಬಿಡುತ್ತದೆ. ತೂಕ ಜಾಸ್ತಿ, ಬ್ರೇಕ್ ಕಮ್ಮಿ! ಪ್ಲೇಟ್ ಹಾಕುವ ವರ್ಕ್‌ಶಾಪಿನಲ್ಲಿ ಯಾರೂ ಈ ಮಾತು ಹೇಳಿದ್ದು ನಾನು ಕೇಳಿಲ್ಲ. ದಯವಿಟ್ಟು ಹಾಕಿಸಬೇಡಿ.

ದಂಡದ ವಿಷಯ ಚುಟುಕಾಗಿ ಹೇಳುತ್ತೇನೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಲೋಡ್ ಬಾಡಿಯಿಂದ ಆಚೆ ಚಾಚಿದ್ದರೂ 20,000. ಕಬ್ಬಿಣದ ಸರಳು 12 ಮೀಟರ್ ಬರುತ್ತದೆ, ಅದನ್ನು ಈ ಎರಡು ಗಾಡಿಯಲ್ಲೂ ನಾವು ಹಾಕುವುದಿಲ್ಲ. ಬಾಡಿಯಿಂದ ಹಿಂದಕ್ಕೆ ಚಾಚಿದ ಸರಳಿಗೆ ರಾತ್ರಿ ಹೊತ್ತು ಬೈಕಿನವರು ಬಂದು ಗುದ್ದಿದರೆ ಯಾವ ದಂಡ ಕಟ್ಟಿ ಏನು ಪ್ರಯೋಜನ?

ಪಿಕಪ್‌ನಲ್ಲೇ 1.3 ಟನ್ನಿಂದ 1.7 ಟನ್ ತನಕ ಬೇರೆ ಬೇರೆ ಸೈಜ್ ಸಿಗುತ್ತವೆ. ನಾವು 1.3ಕ್ಕೇ ನಿಂತಿದ್ದಕ್ಕೆ ಒಂದು ಕಾರಣ ಪರ್ಮಿಟ್. ಒಟ್ಟು ತೂಕ 3,000 ಕೆಜಿ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಡ ಅಂತ ಕಾಯ್ದೆಯ 66ನೇ ಸೆಕ್ಷನ್ನಿನಲ್ಲೇ ಇದೆ. ನಮ್ಮದು 2,990. ಅದಕ್ಕಿಂತ ಮೇಲಿನದು ತಗೊಂಡರೆ ಪರ್ಮಿಟ್, ಅದರ ರಿನ್ಯೂವಲ್, ಒಂದಿಷ್ಟು ಓಡಾಟ ಸೇರಿಕೊಳ್ಳುತ್ತದೆ. ದಿನಾ ಒಂದೂವರೆ ಟನ್ ಲೋಡ್ ನಿಜಕ್ಕೂ ಇದ್ದರೆ ಆ ಓಡಾಟಕ್ಕೆ ಅರ್ಥ ಇದೆ. ಲೈಸೆನ್ಸ್ ಬಗ್ಗೆ ಚಿಂತೆ ಬೇಡ. 7,500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಎರಡಕ್ಕೂ ಒಂದೇ: ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಇನ್ನು ಘಾಟಿ. ನಮ್ಮ ಪಿಕಪ್ ಕರಾವಳಿಯಿಂದ ಹಂಚು ತರಲು ಶಿರಾಡಿ ಘಾಟಿ ಇಳಿದು ಹತ್ತುತ್ತದೆ. ಒಂದು ಹಂಚು ಎರಡೂವರೆ ಕೆಜಿ ಅಂತ ಹಿಡಿದರೂ 440 ಹಂಚಿಗೆ 1,100 ಕೆಜಿ. ಗುಂಡ್ಯದಿಂದ ಮಾರನಹಳ್ಳಿ ಕಡೆ ಹತ್ತುವಾಗ ಪಿಕಪ್ ಎರಡು, ಮೂರನೇ ಗೇರಿನಲ್ಲಿ ಒಂದೇ ಸಮನೆ ಬರುತ್ತದೆ. ತಿರುವಿನಲ್ಲಿ ಮುಂದಿನ ಟ್ಯಾಂಕರ್ ನಿಂತುಬಿಟ್ಟರೂ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಸುಡದೆ ಮತ್ತೆ ಹೊರಡಬಹುದು. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಸಿಲಿಂಡರಿನ 700-800 ಸಿಸಿ ಎಂಜಿನ್. ತನ್ನ ಮಿತಿಯ ಲೋಡಿನಲ್ಲಿ ಅದೂ ಘಾಟಿ ಹತ್ತುತ್ತದೆ, ಆದರೆ ಮೊದಲನೇ ಗೇರಿನಲ್ಲಿ, ಹಿಂದೆ ಸಾಲು ಕಟ್ಟಿಸಿಕೊಂಡು. ಇಳಿಯುವಾಗ ವ್ಯತ್ಯಾಸ ಇನ್ನೂ ಜಾಸ್ತಿ. ದೊಡ್ಡ ಎಂಜಿನ್ ಕೆಳಗಿನ ಗೇರಿನಲ್ಲಿ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಸಣ್ಣದರಲ್ಲಿ ಬ್ರೇಕ್ ಮೇಲೇ ಕಾಲಿಡಬೇಕು. ಡ್ರಮ್ ಬಿಸಿಯಾಗಿ ಸುಟ್ಟ ವಾಸನೆ ಬಂತೆಂದರೆ ನಿಲ್ಲಿಸಿ, ತಣ್ಣಗಾಗುವ ತನಕ ಕಾಯಲೇಬೇಕು. ವಾರಕ್ಕೊಮ್ಮೆಯಾದರೂ ಲೋಡ್ ಹೊತ್ತು ಘಾಟಿ ಇಳಿಯುವವರು ಸಣ್ಣ ಗಾಡಿಯ ಯೋಚನೆ ಬಿಡುವುದು ಒಳ್ಳೆಯದು.

ಹಾಗಂತ ಸಣ್ಣ ಗಾಡಿಯನ್ನು ತಳ್ಳಿಹಾಕುವ ಹಾಗೇ ಇಲ್ಲ. ಊರೊಳಗೆ ಅದಕ್ಕೆ ಸಮ ಇಲ್ಲ. ಮನೆ ಕಟ್ಟುವ ಜಾಗ ಯಾವಾಗಲೂ ಗಲ್ಲಿಯ ಕೊನೆಯಲ್ಲೇ ಇರುತ್ತದಲ್ಲ, ಅಲ್ಲಿ ಪಿಕಪ್ ತಿರುಗಿಸಲು ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕು. ಸಣ್ಣದು ಸಲೀಸಾಗಿ ತಿರುಗುತ್ತದೆ. ಬಾಡಿ ತಗ್ಗಿನಲ್ಲಿ ಇರುವುದರಿಂದ ಹಮಾಲರು ಮೂಟೆಯನ್ನು ಎದೆಮಟ್ಟಕ್ಕೆ ಎತ್ತಬೇಕಿಲ್ಲ. ದಿನವಿಡೀ ಇಳಿಸಿ ಏರಿಸುವವರಿಗೆ ಆ ಅರ್ಧ ಅಡಿ ಎಷ್ಟು ದೊಡ್ಡದು ಅಂತ ಅವರನ್ನೇ ಕೇಳಿ. ಕಾಫಿ ಎಸ್ಟೇಟಿನ ಒಳದಾರಿಗಳಲ್ಲಿ, ಎರಡೂ ಕಡೆ ಗಿಡ ಉಜ್ಜುವ ಜಾಗದಲ್ಲಿ ನಾವು ಕಳಿಸುವುದು ಇದನ್ನೇ. ಮಳೆಗಾಲದ ಕೆಸರಿನಲ್ಲಿ ಮಾತ್ರ ಬೇಡ. ಚಕ್ರ ಸಣ್ಣದು, ನೆಲಕ್ಕೆ ಹತ್ತಿರ, ಹೊಟ್ಟೆ ತಾಗಿ ಕೂತುಬಿಡುತ್ತದೆ.

ಖರ್ಚಿನಲ್ಲಿ ಎಲ್ಲರೂ ನೋಡುವುದು ಮೈಲೇಜ್. ನಮಗೆ ಸಣ್ಣದು ಲೀಟರಿಗೆ 18ರ ಆಸುಪಾಸು, ಪಿಕಪ್ 12ರ ಆಸುಪಾಸು ಕೊಡುತ್ತದೆ. ಇಷ್ಟೇ ನೋಡಿದರೆ ಸಣ್ಣದೇ ಲಾಭ ಅನಿಸುತ್ತದೆ. ಆದರೆ 22 ಮೂಟೆಯನ್ನು 20 ಕಿಲೋಮೀಟರ್ ದೂರಕ್ಕೆ ಸಾಗಿಸಬೇಕು ಅಂತಿಟ್ಟುಕೊಳ್ಳಿ. ಸಣ್ಣ ಗಾಡಿ ಎರಡು ಸಲ ಹೋಗಿ ಬರಬೇಕು, ಒಟ್ಟು 80 ಕಿಲೋಮೀಟರ್, ಡೀಸೆಲ್ ನಾಲ್ಕೂವರೆ ಲೀಟರ್ ಹತ್ತಿರ. ಪಿಕಪ್ ಒಂದೇ ಸಲ, 40 ಕಿಲೋಮೀಟರ್, ಮೂರೂವರೆ ಲೀಟರ್ ಒಳಗೆ. ಡ್ರೈವರಿನ ಅರ್ಧ ದಿನ ಉಳಿಯಿತು, ಟೈರ್ ಸವೆತ ಅರ್ಧಕ್ಕಿಳಿಯಿತು. ಅದೇ ಐದು ಮೂಟೆ ಕೊಟ್ಟುಬರಲು ಪಿಕಪ್ ಕಳಿಸಿದರೆ ಲೆಕ್ಕ ಉಲ್ಟಾ. ಹೋಗುವ ಲೋಡಿನಷ್ಟೇ ಬರುವ ಲೋಡೂ ಮುಖ್ಯ. ನಮ್ಮ ಪಿಕಪ್ ಕರಾವಳಿಗೆ ಹೋಗುವಾಗ ಇಲ್ಲಿನ ಆಲೂಗಡ್ಡೆಯೋ ಶುಂಠಿಯೋ ಬಾಡಿಗೆಗೆ ಸಿಕ್ಕರೆ ಮಾತ್ರ ಆ ಟ್ರಿಪ್ಪಿನಲ್ಲಿ ಕೈಗೆ ದುಡ್ಡು ಉಳಿಯುತ್ತದೆ.

ಸರ್ವಿಸ್ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಪಿಕಪ್‌ನ ಟೈರು, ಕ್ಲಚ್ಚು, ಬ್ಯಾಟರಿ ಎಲ್ಲ ದುಬಾರಿ, ಆದರೆ ತಡವಾಗಿ ಕೈಕೊಡುತ್ತವೆ. ಒಂದು ವಿಷಯ ಮಾತ್ರ ಗಮನಿಸಿ. 2020ರ ಏಪ್ರಿಲ್ ನಂತರದ ಡೀಸೆಲ್ ಗಾಡಿಗಳು ಬಿಎಸ್6 (ಹೊಗೆಯ ಹೊಸ ನಿಯಮದವು), ಪಿಕಪ್‌ಗಳಲ್ಲಿ ಹೊಗೆಯ ಮಸಿ ತಡೆದು ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಆ ಮಸಿ ಸುಡಬೇಕಾದರೆ ಸೈಲೆನ್ಸರ್ ಚೆನ್ನಾಗಿ ಬಿಸಿಯಾಗಬೇಕು. ದಿನಾ ಒಂದೊಂದು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬರುತ್ತದೆ, ಪಿಕಪ್ ಹೋಗುವುದು ವರ್ಕ್‌ಶಾಪಿಗೆ. ನಮ್ಮದು ವಾರದಲ್ಲಿ ಒಂದೆರಡು ಸಲ ಹೈವೇ ನೋಡುವುದರಿಂದ ಆ ತೊಂದರೆ ಬಂದಿಲ್ಲ. ಬರೀ ಊರೊಳಗಿನ ಕೆಲಸಕ್ಕೆ ಡೀಸೆಲ್ ಪಿಕಪ್ ತಗೊಳ್ಳಬೇಡಿ. ಅಲ್ಲಿಗೆ ಸಣ್ಣ ಸಿಎನ್‌ಜಿ ಅಥವಾ ಎಲೆಕ್ಟ್ರಿಕ್ ಗಾಡಿ ನೋಡಬಹುದು.

ಷೋರೂಮಿಗೆ ಹೋಗುವ ಮುಂಚೆ ಒಂದು ತಿಂಗಳು ನಿಮ್ಮ ಲೋಡುಗಳ ತೂಕ ಬರೆದಿಡಿ. ಹೆಚ್ಚಿನ ದಿನ ಅರ್ಧ ಟನ್ ಒಳಗಿದ್ದು, ಯಾವಾಗಲೋ ಒಮ್ಮೆ ಟನ್ ದಾಟಿದರೆ ಸಣ್ಣದೇ ತಗೊಳ್ಳಿ, ಆ ಒಂದು ದಿನಕ್ಕೆ ಪಿಕಪ್ ಬಾಡಿಗೆಗೆ ಹಿಡಿಯಿರಿ. ವಾರದಲ್ಲಿ ಮೂರು ದಿನ ಟನ್ ದಾಟುತ್ತಿದ್ದರೆ ಪಿಕಪ್ ಬೇಕೇ ಬೇಕು. ಟ್ರಯಲ್‌ಗೆ ಖಾಲಿ ಗಾಡಿ ಕೊಟ್ಟರೆ ಒಪ್ಪಬೇಡಿ. ನಿಮ್ಮದೇ ಲೋಡ್ ಹಾಕಿ, ನಿಮ್ಮ ಡ್ರೈವರನ್ನೇ ಕೂರಿಸಿ, ನಿಮ್ಮ ದಾರಿಯ ಕಡಿದಾದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಆಮೇಲೆ ಅದೇ ಇಳಿಜಾರನ್ನು ಎರಡನೇ ಗೇರಿನಲ್ಲಿ ಇಳಿಸಿ, ಕೆಳಗೆ ಬಂದು ನಿಂತ ಮೇಲೆ ಹಿಂದಿನ ಚಕ್ರದ ಹತ್ತಿರ ಮುಟ್ಟದೆ ಕೈ ಹಿಡಿದು ಶಾಖ ಎಷ್ಟಿದೆ ನೋಡಿ.